ಪುಟ್ಟಿ, ಆ ಕಟ್ಟನ್ನು ಬಿಗಿ ಮಾಡಬೇಡ

ಪುಟ್ಟಿ, ನಿನ್ನ ಸಂದೇಶವನ್ನು ಈಗ ತಾನೇ ನೋಡಿದೆ. ಒಂದೊಂದೇ ಅಕ್ಷರ ಒತ್ತುತ್ತಾ ಕುಳಿತರೆ ನನಗೆ ಸಂಜೆಯಾಗುತ್ತದೆ, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಎಲ್ಲರೂ ಕೇಳಿಸಿಕೊಳ್ಳಿ. ಬೀದಿಯವರೆಲ್ಲ ಸೇರಿ ನೆಟ್ಟ ಸಸಿಗಳಲ್ಲಿ ನಿಮ್ಮ ಗೇಟಿನ ಮುಂದಿನದು ಎಲೆ ಉದುರಿಸುತ್ತಿದೆ, ಗಾಳಿಗೆ ತೂಗಾಡುತ್ತಿದೆ, ಗೂಟಕ್ಕೆ ಇನ್ನೊಂದು ಸುತ್ತು ತಂತಿ ಬಿಗಿಯಲೇ ಎಂದು ಕೇಳಿದ್ದೀಯೆ. ಬಿಗಿಯಬೇಡ. ತಂತಿ ಬೇಡವೇ ಬೇಡ.

ದೊಡ್ಡ ಭಾವನವರ ಮನೆಯ ಮುಂದೆ, ಬೀದಿ ತಿರುಗುವಲ್ಲಿ, ಒಂದು ಮರವಿತ್ತಲ್ಲ? ನಿನಗೆ ನೆನಪಿರಲಾರದು, ನೀನಾಗ ತೀರಾ ಚಿಕ್ಕವಳು. ನಿನ್ನ ಅಮ್ಮನನ್ನು ಕೇಳು, ಅವಳಿಗೆ ಗೊತ್ತು. ಅದನ್ನು ನೆಟ್ಟವರು ಪಕ್ಕದಲ್ಲಿ ಗೂಟ ಹುಗಿದು, ಕಬ್ಬಿಣದ ತಂತಿ ಸುತ್ತಿ ಹೋಗಿದ್ದರು. ತೊಗಟೆಗೆ ಉಜ್ಜದಿರಲಿ ಎಂದು ನೀರಿನ ಪೈಪಿನ ತುಂಡೊಂದನ್ನು ತಂತಿಗೆ ಏರಿಸಿದ್ದರು. ಅದನ್ನು ಕಂಡು ಎಲ್ಲರಿಗೂ ಧೈರ್ಯ. ಮರ ಬೆಳೆಯಿತು. ಗೂಟ ಗೆದ್ದಲು ತಿಂದು ಬಿದ್ದುಹೋಯಿತು. ತಂತಿ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಕತ್ತರಿಸಿ ತೆಗೆಯಿರಿ ಎಂದು ನಾನು ಭಾವನವರಿಗೆ ಹೇಳಿದೆ. ಇಷ್ಟು ದೊಡ್ಡ ಮರಕ್ಕೆ ಅಷ್ಟು ಸಣ್ಣ ತಂತಿ ಏನು ಮಾಡೀತು ಎಂದರು. ನಿಮ್ಮ ದೊಡ್ಡಪ್ಪನೂ ಅಣ್ಣನ ಮಾತಿಗೇ ತಲೆಯಾಡಿಸಿದರು. ಬೆರಳು ಊದಿದ ಮೇಲೆ ಉಂಗುರ ಹೇಗೆ ಮಾಂಸದೊಳಗೆ ಇಳಿಯುತ್ತದೋ ಹಾಗೆ ತಂತಿ ತೊಗಟೆಯೊಳಗೆ ಇಳಿಯಿತು, ಅದರ ಮೇಲ್ಭಾಗದಲ್ಲಿ ಕಾಂಡ ಉಬ್ಬಿಕೊಂಡಿತು. ಹೋಗಿಬರುವವರೆಲ್ಲ ಮರ ಎಷ್ಟು ಪುಷ್ಟಿಯಾಗಿದೆ ಎನ್ನುತ್ತಿದ್ದರು.

ಅದು ಪುಷ್ಟಿಯಲ್ಲ ಪುಟ್ಟಿ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಒಳಪದರದಲ್ಲಿಯೇ ಬೇರಿಗೆ ಇಳಿಯಬೇಕು. ಆ ದಾರಿಯನ್ನು ಹಿಸುಕಿದರೆ ಮೇಲೆ ಊದುತ್ತದೆ, ಕೆಳಗೆ ಬೇರು ಉಪವಾಸ ಬೀಳುತ್ತದೆ. ನೀರು ಏರುವ ದಾರಿ ಇನ್ನೂ ಒಳಗಿರುವುದರಿಂದ ಎಲೆಗಳು ಬಹಳ ಕಾಲ ಹಸಿರಾಗಿಯೇ ಕಾಣುತ್ತವೆ, ಯಾರಿಗೂ ಅನುಮಾನವೇ ಬರುವುದಿಲ್ಲ. ಒಂದು ರಾತ್ರಿ ಬಿರುಗಾಳಿ ಬೀಸಿತು, ಮರ ಮುರಿದು ಗೇಟಿನ ಮೇಲೆ ಬಿತ್ತು. ಬುಡ ಅಲುಗಿರಲಿಲ್ಲ. ಸರಿಯಾಗಿ ತಂತಿ ಇದ್ದಲ್ಲಿಯೇ ಮುರಿದಿತ್ತು. ಬೆಳಿಗ್ಗೆ ನಾನೇ ಹತ್ತಿರ ಹೋಗಿ ನೋಡಿದೆ. ತಂತಿಯೂ ಆ ಪೈಪಿನ ತುಂಡೂ ಮರದೊಳಗೆ ಹೂತುಹೋಗಿದ್ದವು. ಹಗಲು ಹೊತ್ತು ಮಕ್ಕಳು ಅದರ ಕೆಳಗೇ ಆಡುತ್ತಿದ್ದರು ಎಂದು ನೆನೆದರೆ ಈಗಲೂ ನನಗೆ ಎದೆ ನಡುಗುತ್ತದೆ.

ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ತಂತಿ ಸುತ್ತಬೇಡ, ನೈಲಾನ್ ಹಗ್ಗವೂ ಬೇಡ. ಈಗಿರುವುದನ್ನು ಇವತ್ತೇ ಬಿಚ್ಚು. ಸಸಿ ತೂಗಾಡಲಿ ಬಿಡು. ಗಾಳಿಗೆ ಅಲುಗಿದರೇನೇ ಕಾಂಡ ದಪ್ಪವಾಗುವುದು, ಬೇರು ಹಿಡಿತ ಕಂಡುಕೊಳ್ಳುವುದು. ಬೇರಿನ ಗಡ್ಡೆಯೇ ಮಣ್ಣಿನೊಳಗೆ ಅಲ್ಲಾಡುತ್ತಿದ್ದರೆ ಮಾತ್ರ ಆಸರೆ ಬೇಕು. ಆಗಲೂ ಅಗಲವಾದ ಬಟ್ಟೆಯ ಪಟ್ಟಿಯಲ್ಲಿ, ಕಾಂಡದ ಕೆಳಭಾಗದಲ್ಲಿ, ಸಡಿಲವಾಗಿ ಕಟ್ಟಬೇಕು. ಒಂದು ವರ್ಷದೊಳಗೆ ಅದನ್ನೂ ತೆಗೆದುಬಿಡಬೇಕು.

ಆದರೆ ತೆಗೆಯುವವರು ಯಾರು? ನನಗೆ ಬೇಸರವಾಗುವುದು ಇಲ್ಲಿಯೇ. ನೆಡುವ ದಿನ ಬೀದಿ ತುಂಬ ಜನ, ಒಬ್ಬೊಬ್ಬರದೂ ಒಂದೊಂದು ಫೋಟೋ. ಸಸಿಗೆ ನಿಜವಾಗಿ ನಾವು ಬೇಕಾಗುವುದು ಆಮೇಲಿನ ಎರಡು ಮೂರು ಬೇಸಿಗೆಗಳಲ್ಲಿ, ಆಗ ಒಬ್ಬರ ಸುಳಿವೂ ಇರುವುದಿಲ್ಲ. ನೀರು ಹಾಕಲು ಮನೆಗೊಂದು ಪಾಳಿ ಮಾಡೋಣ ಎಂದು ಇದೇ ಗುಂಪಿನಲ್ಲಿ ಕೇಳಿದ್ದೆ. ಎಲ್ಲರೂ ಹೆಬ್ಬೆರಳಿನ ಚಿತ್ರ ಹಾಕಿದಿರಿ, ಒಬ್ಬರೂ ವಾರ ಹೇಳಲಿಲ್ಲ. ನಮ್ಮ ಬಾಗಿಲಿನ ಮರದ್ದು ಇನ್ನೊಂದು ಕಥೆ. ಕಾಲುದಾರಿ ಸರಿಮಾಡಲು ಬಂದವರು ಕಾಂಡಕ್ಕೆ ತಾಗುವವರೆಗೂ ಸಿಮೆಂಟ್ ಎಳೆದರು. ಬೇರಿಗೆ ನೀರೂ ಗಾಳಿಯೂ ಮಣ್ಣಿನಿಂದಲೇ ಸಿಗಬೇಕಪ್ಪಾ, ಸ್ವಲ್ಪ ಜಾಗ ಬಿಡಿ ಎಂದು ನಿಂತು ಹೇಳಿದೆ. ನೀವು ಒಳಗೆ ಹೋಗಿ ಅಮ್ಮ ಎಂದರು. ನಮ್ಮ ಮನೆಯ ಗಂಡಸರು ಕಿಟಕಿಯಿಂದ ನೋಡುತ್ತಾ ನಿಂತಿದ್ದರು. ಒಬ್ಬರಾದರೂ ಹೊರಗೆ ಬಂದು ನನ್ನ ಪಕ್ಕ ನಿಲ್ಲಬಹುದಿತ್ತು.

ಅಯ್ಯೋ, ಎಲೆ ಉದುರುವ ವಿಷಯವೇ ಉಳಿದುಹೋಯಿತು. ಜಾಗ ಬದಲಾದ ಸಸಿ ಒಂದಷ್ಟು ಎಲೆ ಉದುರಿಸುವುದು ಸಹಜ, ಗಾಬರಿಯಾಗಬೇಡ. ಎಳೆಯ ರೆಂಬೆಯೊಂದನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡು, ಒಳಗೆ ಹಸಿರಿದ್ದರೆ ಜೀವವಿದೆ. ಹೆದರಿಕೆಗೆ ದಿನಕ್ಕೆರಡು ಹೊತ್ತು ನೀರು ಸುರಿಯಬೇಡ. ನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ, ಆಗಲೂ ಎಲೆ ಹಳದಿಯಾಗಿ ಬಾಯಾರಿದಂತೆಯೇ ಕಾಣುತ್ತದೆ. ಕಾಂಡದ ಹತ್ತಿರ, ಸಸಿಯ ಜೊತೆ ಬಂದ ಮಣ್ಣಿನ ಗಡ್ಡೆಯಲ್ಲಿಯೇ ಬೆರಳು ಇಳಿಸಿ ನೋಡು, ಮೊದಲು ಒಣಗುವುದು ಅದೇ. ಒಳಗೆ ಒದ್ದೆಯಿದ್ದರೆ ಬಿಡು. ಒಣಗಿದ್ದರೆ, ತಳದಲ್ಲಿ ಸಣ್ಣ ತೂತಿರುವ ಬಕೆಟ್ ಇಟ್ಟು ನಿಧಾನವಾಗಿ ಇಳಿಯುವಂತೆ ಎರಡು ಮೂರು ಬಕೆಟ್ ಕೊಡು. ಬೇಸಿಗೆಯ ಮೊದಲ ವಾರಗಳಲ್ಲಿ ಪದೇ ಪದೇ ನೋಡುತ್ತಿರಬೇಕು, ಬೇರೂರಿದಂತೆ ಅಂತರ ಹೆಚ್ಚಿಸಬಹುದು. ಒಣ ಎಲೆಯನ್ನು 5ರಿಂದ 10 ಸೆಂಟಿಮೀಟರ್ ದಪ್ಪ ಹರಡು, ಕಾಂಡಕ್ಕೆ ಮಾತ್ರ ತಾಗಿಸಬೇಡ, ತಾಗಿದರೆ ತೊಗಟೆ ಕೊಳೆಯುತ್ತದೆ.

ಇನ್ನೊಂದು, ಕಾಂಡ ಅಗಲವಾಗಿ ಬೇರಾಗಿ ಕವಲೊಡೆಯುವ ಜಾಗ ನೆಲದ ಮೇಲೆ ಕಾಣಬೇಕು. ಕಂಬದ ಹಾಗೆ ನೇರವಾಗಿ ಮಣ್ಣಿಗಿಳಿದಿದ್ದರೆ ಆಳಕ್ಕೆ ನೆಟ್ಟಿದ್ದಾರೆ ಎಂದೇ ಅರ್ಥ, ಮೇಲಿನ ಮಣ್ಣನ್ನು ಕೈಯಿಂದ ಸರಿಸಬೇಕು. ನೀನು ಕಳುಹಿಸಿದ ಫೋಟೋದಲ್ಲಿ ಬರೀ ಎಲೆಗಳಿವೆ. ಬೆಳಕಿರುವಾಗ ಬುಡದ್ದೊಂದು ತೆಗೆದು ಕಳುಹಿಸು, ನೋಡಿ ಹೇಳುತ್ತೇನೆ.