ಗ್ರಂಥಾಲಯಕ್ಕೆ ಬಂದು ಗದರುವ ಹಿರಿಯರು, ಅವರ ಮೊಬೈಲು, ನನ್ನ ಪಾಡು

ಡೊಂಬಿವಲಿಯ ಓದುಗಿ:
ನಮ್ಮ ಕನ್ನಡ ಸಂಘದ ಪುಟ್ಟ ಗ್ರಂಥಾಲಯವನ್ನು ಭಾನುವಾರ ಸಂಜೆ ನಾನು ನೋಡಿಕೊಳ್ಳುತ್ತೇನೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ತಪ್ಪದೆ ಬರುತ್ತಾರೆ. ಪತ್ರಿಕೆಯ ಪದಬಂಧವನ್ನು ಪೆನ್ನಿನಲ್ಲೇ ತುಂಬುತ್ತಾರೆ. ಕೇಳಿದರೆ, "ಈ ಪತ್ರಿಕೆ ಬರುವುದೇ ನನ್ನ ವಂತಿಗೆಯಿಂದ" ಎಂದು ಗದರುತ್ತಾರೆ. ಅದನ್ನಾದರೂ ಸಹಿಸಬಹುದು. ಈಗ ಮೊಬೈಲನ್ನೂ ಪಿನ್ ಬರೆದ ಚೀಟಿಯನ್ನೂ ನನ್ನ ಮೇಜಿನ ಮೇಲಿಟ್ಟು, "ಲೈಟ್ ಬಿಲ್ ಕಟ್ಟಿಬಿಡಮ್ಮ" ಎನ್ನುತ್ತಾರೆ. ಆಗುವುದಿಲ್ಲ ಎಂದರೆ ಕೂಗಾಟ. ಓದುತ್ತಿದ್ದವರೆಲ್ಲ ತಲೆಯೆತ್ತಿ ನನ್ನನ್ನೇ ನೋಡುತ್ತಾರೆ. ಕಳೆದ ವಾರ "ಬಿಲ್ ಬಾಕಿ, ಇಂದು ರಾತ್ರಿ ಕರೆಂಟ್ ಕಡಿತ" ಎಂಬ ಹಿಂದಿ ಸಂದೇಶ, ಬಾಲಕ್ಕೊಂದು ಎಪಿಕೆ ಫೈಲು, ಅಂದರೆ ಒತ್ತಿದರೆ ಮೊಬೈಲಿಗೆ ಆ್ಯಪ್ ಇಳಿಸುವ ಕಡತ. ಅದನ್ನು ಒತ್ತಲು ಹೊರಟವರ ಕೈಯಿಂದ ಮೊಬೈಲ್ ಕಸಿದುಕೊಂಡೆ. ಅದಕ್ಕೂ ಬೈಗುಳ. ಮಗ ಕೆನಡಾದಲ್ಲಿದ್ದಾನೆ, ಇಲ್ಲಿ ಕೇಳುವವರಿಲ್ಲ. ನೋಯಿಸದೆ ಹೇಗೆ ನಿಭಾಯಿಸಲಿ?

ಮಾಟುಂಗಾದಿಂದ:
ಪಿನ್ ಮಾತ್ರ ಮುಟ್ಟಬೇಡಿ ಅಕ್ಕ. ನಾಳೆ ನೂರು ರೂಪಾಯಿ ಲೆಕ್ಕ ತಪ್ಪಿದರೂ ಮೊದಲ ಅನುಮಾನ ನಿಮ್ಮ ಮೇಲೆಯೇ. "ಸದಸ್ಯರ ಮೊಬೈಲಿನಲ್ಲಿ ಹಣ ಪಾವತಿ ಮಾಡಿಕೊಡುವುದಿಲ್ಲ" ಎಂದು ಸಮಿತಿಯ ಸಹಿ ಹಾಕಿಸಿ ಗೋಡೆಗೆ ಅಂಟಿಸಿ. ಕೂಗಾಡಿದರೆ ಎಲ್ಲರೆದುರು ವಾದಿಸದೆ, ವರಾಂಡಕ್ಕೆ ಕರೆದೊಯ್ದು ತಗ್ಗಿದ ದನಿಯಲ್ಲಿ ಮಾತಾಡಿ. ಪದಬಂಧಕ್ಕೆ ಒಂದು ಜೆರಾಕ್ಸ್ ಪ್ರತಿ ಕೊಟ್ಟರೆ ಆ ಜಗಳ ಮುಗಿಯಿತು.

ಠಾಣೆಯಿಂದ:
ಗೋಡೆಯ ಹಾಳೆಗೆ ಬಗ್ಗುವ ಆಸಾಮಿಯಂತೆ ಕಾಣುವುದಿಲ್ಲ. ಪಕ್ಕದಲ್ಲಿ ಕುಳಿತು ನೀವು ಬಾಯಲ್ಲಿ ಹೇಳಿ, ಬೆರಳು ಅವರದೇ ಇರಲಿ. ಪಿನ್ ಒತ್ತುವಾಗ ನೀವು ಬೇರೆ ಕಡೆ ನೋಡಿ. ನಮ್ಮ ಅತ್ತೆಗೆ ಹೀಗೆಯೇ ಕಲಿಸಿದ್ದು: ಯುಪಿಐಯಲ್ಲಿ ಹಣ ಹೋಗಲು ಪಿನ್ ಬೇಕು, ಬರಲು ಬೇಡ. ವಿಡಿಯೋ ಕರೆಯಲ್ಲಿ ಪೊಲೀಸ್ ವೇಷ ಹಾಕಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವವರ ಬಗ್ಗೆಯೂ ಈಗಲೇ ಹೇಳಿಡಿ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಪುಣೆಯಿಂದ:
ಬ್ಯಾಂಕಿನವರಿಗೆ ಬ್ಯಾಂಕಿನ ಭಾಷೆಯಲ್ಲೇ ಹೇಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಪಿನ್ ಬಿಟ್ಟುಕೊಟ್ಟು ವಂಚನೆಗೊಳಗಾದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಅವರದೇ. ಸುತ್ತೋಲೆ ಎಂದರೆ ನೆಟ್ಟಗೆ ಕೂರುವ ತಲೆಮಾರು ಅದು! ಮೊಬೈಲಿನಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಯನ್ನು ಉಳಿಸಿಕೊಡಿ. ಹಣ ಹೋದ ಕೂಡಲೇ ಅದಕ್ಕೆ ಕರೆ ಮಾಡಿದರೆ, ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಡೊಂಬಿವಲಿಯ ಓದುಗಿ:
ಸುತ್ತೋಲೆಯ ಉಪಾಯ ಫಲಿಸಬಹುದು. ಮುದ್ರಿಸಿ ಕೈಗೇ ಕೊಡುತ್ತೇನೆ. ಆದರೆ ಸಮಿತಿಯ ಕೋಶಾಧಿಕಾರಿ ಇವರೇ. ಗೋಡೆಯ ಹಾಳೆಗೆ ಅಧ್ಯಕ್ಷರೊಬ್ಬರ ಸಹಿ ಸಾಕಾಗುತ್ತದೆಯೇ?