ಇಂಪ್, ಕ್ವಾಸಿಟ್ ಎರಡೂ ಕೆಟ್ಟವೇ. ಆಡಿಸುವಾಗ ವ್ಯತ್ಯಾಸ ತೋರಿಸುವುದು ಹೇಗೆ?

ಸುರತ್ಕಲ್_ಡಿಎಂ:
ದಾಳ ಹಾಕಿ ಪಾತ್ರವಾಗಿ ಆಡುವ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್) ಆಟದ ಐದನೇ ಆವೃತ್ತಿ, 2014ರ ನಿಯಮ. ಆಟ ನಡೆಸುವುದು (ಡಿಎಂ) ನಾನು. 3ನೇ ಲೆವೆಲ್‌ನ ನಾಲ್ಕು ಜನ ಆಟಗಾರರು. ಒಂದೇ ಊರಿನಲ್ಲಿ ಇಂಪ್ (ಡೆವಿಲ್ ಬಗೆಯ ಪುಟ್ಟ ಪಿಶಾಚಿ), ಕ್ವಾಸಿಟ್ (ಡೀಮನ್ ಬಗೆಯದ್ದು) ಎರಡನ್ನೂ ತರಬೇಕೆಂದು ಉಂಟು. ಎರಡಕ್ಕೂ ಚಾಲೆಂಜ್ ರೇಟಿಂಗ್ (ಎದುರಿಸಲಿಕ್ಕೆ ಎಷ್ಟು ಕಷ್ಟ ಎಂಬ ಅಂಕ) 1, ಎರಡಕ್ಕೂ ಮಾಯವಾಗಲಿಕ್ಕೆ ಬರುತ್ತದೆ. ಇಂಪ್ ಲಾಫುಲ್ ಈವಿಲ್ (ನಿಯಮಕ್ಕೆ ಕಟ್ಟುಬಿದ್ದ ಕೆಟ್ಟದ್ದು), ಕ್ವಾಸಿಟ್ ಕೇಯಾಟಿಕ್ ಈವಿಲ್ (ಅಂಕೆ ಇಲ್ಲದ ಕೆಟ್ಟದ್ದು) ಅಂತ ಪುಸ್ತಕ ಹೇಳುತ್ತದೆ, ಟೇಬಲ್‌ನಲ್ಲಿ ಎರಡೂ ಒಂದೇ ಥರ ಕಾಣ್ತವೆ. ಎಂತ ಮಾಡುವುದು? ಮತ್ತೆ, ಪಾಲಡಿನ್ (ಧರ್ಮಯೋಧನ ಪಾತ್ರ) ‘ಡಿಟೆಕ್ಟ್ ಈವಿಲ್ ಆಂಡ್ ಗುಡ್’ ಮಂತ್ರ ಹಾಕಿ ಊರಿನ ಲಂಚಕೋರ ಪಟೇಲನನ್ನು ಹಿಡಿಯಬಹುದಾ? ತುಳುನಾಡಿನ ದೈವ ಗುಳಿಗನನ್ನು ತಂದರೆ ಯಾವ ಅಲೈನ್‌ಮೆಂಟ್ (ಲಾಫುಲ್ ಈವಿಲ್ ಥರದ ಗುಣದ ಗುರುತು) ಕೊಡಬೇಕು?

ಅರ್ಥಧಾರಿ_20:
ಇಂಪ್‌ಗೆ ತಾಳಮದ್ದಳೆಯ ಬುದ್ಧಿ ಕೊಡಿ. ಎದುರು ಕೂತವನ ಮಾತಿನಿಂದಲೇ ಒಂದು ಪದ ಹಿಡಿದು ಅವನನ್ನೇ ಕಟ್ಟಿಹಾಕುವ ಅರ್ಥಗಾರಿಕೆ ಉಂಟಲ್ಲ, ಡೆವಿಲ್ ಅಂದರೆ ಅದು. ಕರಾರನ್ನು ಚೀಟಿಯಲ್ಲಿ ಬರೆದು ಆಟಗಾರರ ಕೈಗೆ ಕೊಡಿ: “ನಿನ್ನ ತಮ್ಮನನ್ನು ಸೂರ್ಯ ಮುಳುಗುವ ಮೊದಲು ಮನೆಗೆ ತಲುಪಿಸುತ್ತೇನೆ.” ಇಲ್ಲಿ ‘ಜೀವಂತ’ ಇಲ್ಲ, ‘ಇವತ್ತು’ ಇಲ್ಲ, ಯಾರ ಮನೆ ಎಂದೂ ಇಲ್ಲ. ತಿದ್ದಲಿಕ್ಕೆ ಅವರಿಗೆ ಎರಡು ಅವಕಾಶ ಕೊಡಿ, ಸಹಿ ಬಿದ್ದ ಮೇಲೆ ಅಕ್ಷರಶಃ ನಡೆಸಿ. ಹೆಚ್ಚಿನವರು ಎಡವುವುದು ಇಲ್ಲೇ: ಚೀಟಿಯಲ್ಲಿ ಇಲ್ಲದ ತಿರುವನ್ನು ಡಿಎಂ ಆಮೇಲೆ ಸೇರಿಸುತ್ತಾರೆ. ಒಂದು ಸಲ ಹಾಗೆ ಮಾಡಿದರೆ ಆಟಗಾರರು ಮತ್ತೆ ಯಾವ ಡೆವಿಲ್ ಜೊತೆಗೂ ಮಾತಿಗೆ ಕೂರುವುದಿಲ್ಲ.

ಕ್ವಾಸಿಟ್ ಏನು ಬೇಕಾದರೂ ಒಪ್ಪುತ್ತದೆ, ಯಾವುದನ್ನೂ ನಡೆಸುವುದಿಲ್ಲ. ಹೆದರಿಸುವ ಶಕ್ತಿ ದಿನಕ್ಕೆ ಒಂದೇ ಸಲ (20 ಅಡಿ ಒಳಗೆ ಒಬ್ಬರಿಗೆ, ಡಿಸಿ 10 ವಿಸ್ಡಮ್, ಅಂದರೆ ತಪ್ಪಿಸಿಕೊಳ್ಳಲಿಕ್ಕೆ ವಿಸ್ಡಮ್ ಸೇರಿಸಿದ ದಾಳ 10 ಮುಟ್ಟಬೇಕು), ಅದನ್ನು ಮೊದಲ ಸುತ್ತಲ್ಲೇ ಸುರಿದುಬಿಡಲಿ. ಕ್ವಾಸಿಟ್ ಯಾರ ಮೇಲೆ ಎರಗುತ್ತದೆ ಎಂಬುದಕ್ಕೆ ಪ್ರತಿ ಸುತ್ತು ಆರು ಮುಖದ ದಾಳ ಹಾಕಿ: 1–2 ಬಂದರೆ ಹತ್ತಿರದವನು, 3–4 ಬಂದರೆ ಈಗಷ್ಟೇ ಹೊಡೆದವನು, 5–6 ಬಂದರೆ ಹೆಚ್ಚು ಗಾಯ ಆದವನು. ಇಂಪ್ ಹಾಗಲ್ಲ, 10 ಎಚ್‌ಪಿಯಲ್ಲಿ (ಜೀವದ ಅಂಕದಲ್ಲಿ) 5 ಹೋದ ಕೂಡಲೇ ಮಾಯವಾಗಿ ಮೇಲಿನವನಿಗೆ ವರದಿ ಒಪ್ಪಿಸಲಿಕ್ಕೆ ಹೋಗಲಿ.

ಬರೀ ಅಬ್ಬರದಿಂದ ಡೀಮನ್ ಆಗುವುದಿಲ್ಲ. ನಮ್ಮ ಯಕ್ಷಗಾನದ ಬಣ್ಣದ ವೇಷದ ರಾವಣನಿಗೂ ಆಸ್ಥಾನ, ಮಂತ್ರಿ, ಲೆಕ್ಕಾಚಾರ ಎಲ್ಲ ಉಂಟು.

ಬೆಳ್ಳಿಬಾಣ:
ಆಯುಧದಲ್ಲೂ ವ್ಯತ್ಯಾಸ ಉಂಟು. ಮಂತ್ರ ಇಲ್ಲದ ಬೆಳ್ಳಿ ಲೇಪದ ಕತ್ತಿ ಇಂಪ್‌ಗೆ ಪೂರ್ತಿ ತಾಗುತ್ತದೆ, ಕ್ವಾಸಿಟ್‌ಗೆ ಅರ್ಧ ಮಾತ್ರ. ಬೆಂಕಿ ಇಂಪ್‌ಗೆ ತಾಗುವುದೇ ಇಲ್ಲ, ಕ್ವಾಸಿಟ್‌ಗೆ ಅರ್ಧ. ಒಂದು ಆಯುಧಕ್ಕೆ ಲೇಪ ಹಾಕಿಸಲಿಕ್ಕೆ 100 ಚಿನ್ನದ ನಾಣ್ಯ, ಅಷ್ಟೇ ಬೆಲೆಗೆ 10 ಬಾಣ. ಮೊದಲ ಏಟಿನ ಪರಿಣಾಮವನ್ನು ಬಾಯಿಬಿಟ್ಟು ವರ್ಣಿಸಿ, ಎದುರು ಇರುವುದು ಯಾವುದೆಂದು ಅವರೇ ಕಂಡುಕೊಳ್ಳುತ್ತಾರೆ.

ಪಟೇಲ ಸಿಕ್ಕುವುದಿಲ್ಲ. ಈ ಮಂತ್ರ ನೋಡುವುದು ಜೀವಿಯ ಬಗೆಯನ್ನು, ಗುಣವನ್ನಲ್ಲ: 30 ಅಡಿ ಒಳಗಿನ ಫೀಂಡ್ (ಡೆವಿಲ್, ಡೀಮನ್ ಥರದವು), ಸೆಲೆಸ್ಟಿಯಲ್, ಫೇ, ಎಲಿಮೆಂಟಲ್, ಅಬೆರೇಶನ್, ಅನ್‌ಡೆಡ್. ಅದೂ 1 ಅಡಿ ಕಲ್ಲು, 3 ಅಡಿ ಮಣ್ಣು ಅಥವಾ ಮರ, ತೆಳು ಸೀಸದ ತಗಡು ಅಡ್ಡ ಬಂದರೆ ಇಲ್ಲ. ಪಟೇಲ ಎಷ್ಟು ಕೆಟ್ಟವನಾದರೂ ಮನುಷ್ಯ.

ಹಳೇ ಪುಸ್ತಕ ಬೆರೆಸಬೇಡಿ. 2003ರ 3.5 ಆವೃತ್ತಿಯಲ್ಲಿ ಡೆವಿಲ್ ಮನಸ್ಸು ಬದಲಾಯಿಸಿ ಒಳ್ಳೆಯದಾದರೂ ಮೈಯಲ್ಲಿ ಈವಿಲ್ ಸಬ್‌ಟೈಪ್ (ಕೆಟ್ಟದ್ದು ಎಂಬ ಉಪಬಗೆಯ ಗುರುತು) ಉಳಿಯುತ್ತದೆ, ‘ಡಿಟೆಕ್ಟ್ ಈವಿಲ್’ ಅದನ್ನು ತೋರಿಸುತ್ತದೆ. 2014ರಲ್ಲಿ ಲಾಫುಲ್ ಈವಿಲ್ ಅನ್ನುವುದು ಡೆವಿಲ್‌ನ ಹುಟ್ಟುಗುಣ, ಅದು ಹೋದರೆ ಅದು ಡೆವಿಲ್ಲೇ ಅಲ್ಲ. ಪಾತ್‌ಫೈಂಡರ್ ಎಂಬ ಇದೇ ಥರದ ಇನ್ನೊಂದು ಆಟದ ಎರಡನೇ ಆವೃತ್ತಿಯವರು 2023ರಲ್ಲಿ ಅಲೈನ್‌ಮೆಂಟ್ ತೆಗೆದೇ ಹಾಕಿ ಹೋಲಿ, ಅನ್‌ಹೋಲಿ ಎಂಬ ಎರಡು ಗುರುತು ಇಟ್ಟರು.

ಕಟಪಾಡಿ_ದಾಳ:
ಗುಳಿಗನನ್ನು ಬಿಡಿ ಮಾರಾಯ್ರೆ. ಟೇಬಲ್‌ನಲ್ಲಿ ಕೂತವರ ಮನೆಯಲ್ಲೇ ತಂಬಿಲ (ದೈವದ ಪೂಜೆ) ನಡೆಯುತ್ತಿರಬಹುದು, ಅಂಥಲ್ಲಿ ಎಚ್‌ಪಿ ಬರೆದು ಹೊಡೆಯಲಿಕ್ಕೆ ಇಡುವುದು ಸರಿಯಲ್ಲ. ಅಲೈನ್‌ಮೆಂಟಿನ ಒಂಬತ್ತು ಮನೆಯ ಆ ಚೌಕ 1978ರ ಅಡ್ವಾನ್ಸ್‌ಡ್ ಡಿ ಆಂಡ್ ಡಿಯದ್ದು, 1974ರ ಮೊದಲ ಡಿ ಆಂಡ್ ಡಿಯಲ್ಲಿ ಇದ್ದದ್ದು ಲಾ, ನ್ಯೂಟ್ರಾಲಿಟಿ, ಕೇಯಾಸ್ ಮೂರೇ. ಕಾಯುವುದೂ ಉಗ್ರ ಆಗುವುದೂ ಒಂದೇ ಆಗಿರುವ ದೈವ ಆ ಚೌಕದಲ್ಲಿ ಕೂರುವುದಿಲ್ಲ.

ಹೊಸ ಹೆಸರಿನ ಒಂದು ಗಡಿ ಕಾಯುವ ಶಕ್ತಿ ಮಾಡಿ. ಅದರ ಗಡಿ ಎಲ್ಲಿಂದ ಎಲ್ಲಿಗೆ, ಊರಿನವರು ಕೊಟ್ಟ ಮಾತು ಏನು, ತಪ್ಪಿದರೆ ಮೊದಲು ಯಾವ ಸೂಚನೆ ಬರುತ್ತದೆ ಎಂದು ಬರೆದಿಡಿ. ಸೂಚನೆ ಕೊಡದೆ ಶಿಕ್ಷೆಗೆ ಇಳಿದರೆ ಆಟಗಾರರಿಗೆ ಅದು ಮತ್ತೊಂದು ಡೀಮನ್ ಥರವೇ ಕಾಣುತ್ತದೆ. ಅಲೈನ್‌ಮೆಂಟ್ ಜಾಗದಲ್ಲಿ ‘ಅನ್‌ಅಲೈನ್ಡ್’ ಬರೆಯಬೇಡಿ, ಅದು ಒಳ್ಳೆಯದು ಕೆಟ್ಟದು ಯೋಚಿಸಲಾಗದ ಪ್ರಾಣಿಗಳಿಗೆ. ಲಾಫುಲ್ ನ್ಯೂಟ್ರಲ್ ಹತ್ತಿರ ಬರುತ್ತದೆ.

ಸುರತ್ಕಲ್_ಡಿಎಂ:
ಆಯ್ತು, ಗುಳಿಗ ಬೇಡ. ಇಂಪ್ ಸತ್ತರೆ ಕರಾರು?

ಅರ್ಥಧಾರಿ_20:
ಇಲ್ಲಿ ಸತ್ತರೆ ಅದು ಡೆವಿಲ್‌ಗಳ ಲೋಕವಾದ ನೈನ್ ಹೆಲ್ಸ್‌ನಲ್ಲಿ ಮತ್ತೆ ಮೈ ತಳೆಯುತ್ತದೆ. ಕರಾರು ಹಾಗೇ ಉಂಟು. ಚೀಟಿ ಬಿಸಾಡಬೇಡಿ.