ಕಾಯಿಲೆ ಮುಗೀತಿಲ್ಲ, ಅಣ್ಣನ ಜೊತೆ ಮಾತೂ ಇಲ್ಲ. ನೀವು ಹೇಗೆ ನಿಭಾಯಿಸಿದಿರಿ?

ಇದು 2022ರ ಆರಂಭ, ಕೊರೊನಾ ಶುರುವಾಗಿ ಎರಡು ವರ್ಷವಾಗುತ್ತಾ ಬಂತು. ನಾನು ಲಸಿಕೆಯ ಎರಡೂ ಡೋಸ್ ಹಾಕಿಸಿಕೊಂಡಿದ್ದೇನೆ. ಅಣ್ಣ ಬೇಡವೇ ಬೇಡ ಅನ್ನುತ್ತಾನೆ. ಮೂರು ತಿಂಗಳ ಹಿಂದೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ "ನಿನ್ನಂಥವರಿಂದಲೇ ಇದು ಮುಗೀತಿಲ್ಲ" ಎಂದು ಬರೆದುಬಿಟ್ಟೆ. ಅವನು ಗುಂಪು ಬಿಟ್ಟ. ಆಮೇಲೆ ಮಾತಿಲ್ಲ. ಅಮ್ಮ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡುತ್ತಾರೆ. ಇನ್ನೊಂದು ವಿಷಯ, ಹೇಳೋಕೆ ನಾಚಿಕೆ. ಯಾರಿಗಾದರೂ ಪಾಸಿಟಿವ್ ಬಂತು ಅಂದರೆ ಮೊದಲಿನ ಹಾಗೆ ಅಯ್ಯೋ ಅನ್ನಿಸುವುದಿಲ್ಲ. "ತಾವೇ ತಂದುಕೊಂಡರು" ಅನ್ನಿಸುತ್ತದೆ. ಇದನ್ನು ದಾಟಿದವರು ಇದ್ದರೆ ಹೇಳಿ.

ವಾರ್ಡಿನಲ್ಲಿ ನರ್ಸ್ ಆಗಿರುವವಳು:
ನಾಚಿಕೆ ಬೇಡ, ನನಗೂ ಹಾಗೆ ಆಗಿತ್ತು. ಎರಡನೇ ವರ್ಷ ಲಸಿಕೆ ಬೇಡ ಅಂದವರು ಉಸಿರಿಗೆ ಒದ್ದಾಡುತ್ತಾ ಬಂದಾಗ ಒಳಗೆ ಸಿಟ್ಟು ಕುದಿಯುತ್ತಿತ್ತು. ಕೈ ಕೆಲಸ ಮಾಡುತ್ತಿತ್ತು, ಮುಖ ಮಾತ್ರ ಗಂಟು.

ಒಂದು ದಿನ ಗಮನಿಸಿದೆ. ಬಂದವರೆಲ್ಲ ನೀರು ಕೇಳುವ ಮೊದಲೇ ಸಾಕ್ಷಿ ಹೇಳುತ್ತಿದ್ದರು: "ಸಿಸ್ಟರ್, ನಾನು ಎಲ್ಲೂ ಹೋಗಿರಲಿಲ್ಲ, ಮಾಸ್ಕ್ ತೆಗೆದೇ ಇಲ್ಲ." ಯಾಕೆಂದರೆ ಊರೆಲ್ಲ ಅವರನ್ನು ಕೇಳಿದ್ದು ಒಂದೇ, "ಎಲ್ಲಿಂದ ಅಂಟಿಸಿಕೊಂಡೆ?" ನಾನೂ ಅದನ್ನೇ ಕೇಳುತ್ತಿದ್ದೆ. ಅದಕ್ಕೆ ಸರಿಯಾದ ಉತ್ತರ ಎಷ್ಟೋ ಸಲ ಯಾರ ಹತ್ತಿರವೂ ಇರುವುದಿಲ್ಲ. ಜ್ವರ, ಕೆಮ್ಮು ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಸೋಂಕು ಬೇರೆಯವರಿಗೆ ದಾಟಬಹುದು. ಕೆಲವರಿಗೆ ಲಕ್ಷಣವೇ ಇರುವುದಿಲ್ಲ. ಕೊಟ್ಟವರಿಗೂ ಗೊತ್ತಿಲ್ಲ, ಪಡೆದವರಿಗೂ ಗೊತ್ತಿಲ್ಲ.

ಸಂಪರ್ಕದ ಪಟ್ಟಿ ಮಾಡುವವರು ಕೇಳಲಿ, ಅದು ಅವರ ಕೆಲಸ. ನಾನು ಆ ಪ್ರಶ್ನೆ ಬಿಟ್ಟೆ. "ಈಗ ಏನು ಬೇಕು?" ಎಂದು ಕೇಳತೊಡಗಿದೆ. ಸಿಟ್ಟು ಪೂರ್ತಿ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಒಬ್ಬರು ದಿಂಬು ಸರಿಮಾಡಿ ಅಂದರು, ಇನ್ನೊಬ್ಬರು ಮಗಳಿಗೆ ಫೋನ್ ಹಚ್ಚಿಕೊಡಿ ಅಂದರು. ದಿಂಬು ಸರಿಮಾಡುತ್ತಾ ಸಿಟ್ಟು ಮಾಡಿಕೊಳ್ಳುವುದು ಕಷ್ಟ ಕಣ್ರೀ.

ಹಿಂದೆ ನಿಮ್ಮ ಅಣ್ಣನ ಹಾಗೇ ಇದ್ದವನು:
ನನಗೆ ಬಂದ ಲಿಂಕುಗಳಿಗೆ ಲೆಕ್ಕವಿಲ್ಲ. ಬಂದಷ್ಟೂ ಹಟ ಜಾಸ್ತಿಯಾಯಿತು. ನಿಜ ಏನೆಂದರೆ ನನಗೆ ಸೂಜಿ ಭಯ. ಚಿಕ್ಕಂದಿನಲ್ಲಿ ಇಂಜೆಕ್ಷನ್ ತೆಗೆದುಕೊಂಡು ತಲೆ ತಿರುಗಿ ಬಿದ್ದಿದ್ದೆ. ಇಷ್ಟು ವಯಸ್ಸಾದವನು ಅದನ್ನು ಹೇಳೋದು ಹೇಗೆ? ಹಾಗಾಗಿ ದೊಡ್ಡ ದೊಡ್ಡ ಕಾರಣ ಹುಡುಕಿ ಮಾತಾಡುತ್ತಿದ್ದೆ. ಗೆಳೆಯನೊಬ್ಬ ಮಾತ್ರ "ನಿನಗೆ ಯಾವುದು ಜಾಸ್ತಿ ಭಯ?" ಎಂದು ಕೇಳಿ ಸುಮ್ಮನೆ ಕೂತ. ಒಂದೆರಡು ವಿಷಯಕ್ಕೆ "ಅದು ನನಗೆ ಗೊತ್ತಿಲ್ಲ ಕಣೋ, ಡಾಕ್ಟರ್‌ನ ಕೇಳೋಣ" ಅಂದ. ಅಷ್ಟಾದ ಮೇಲೂ ನನಗೆ ಎರಡು ತಿಂಗಳು ಬೇಕಾಯಿತು. ಮಲಗಿಸಿ ಹಾಕಿದರು, ಬೀಳಲಿಲ್ಲ. ನಿಮ್ಮ ಅಣ್ಣನ ಕಾರಣ ಬೇರೆ ಇರಬಹುದು. ಕೇಳಿದ ತಕ್ಷಣ ಮನಸ್ಸು ಬದಲಾಗುತ್ತದೆ ಅಂತಲೂ ಅಂದುಕೊಳ್ಳಬೇಡಿ.

ಇತಿಹಾಸದ ಮೇಷ್ಟ್ರು:
ಸ್ವಲ್ಪ ಪಾಠ ಮಾಡುತ್ತೇನೆ, ಅಭ್ಯಾಸಬಲ. 1918ರ ಜ್ವರಕ್ಕೆ ಸ್ಪ್ಯಾನಿಷ್ ಫ್ಲೂ ಎಂದು ಹೆಸರು ಬಿತ್ತು. ಅದು ಸ್ಪೇನ್‌ನಲ್ಲಿ ಹುಟ್ಟಿತು ಅಂತಲ್ಲ. ಯುದ್ಧದಲ್ಲಿದ್ದ ದೇಶಗಳು ಸುದ್ದಿ ಅದುಮಿಟ್ಟವು, ಯುದ್ಧಕ್ಕೆ ಇಳಿಯದ ಸ್ಪೇನ್‌ನ ಪತ್ರಿಕೆಗಳು ಇದ್ದದ್ದನ್ನು ಬರೆದವು. ನಿಜ ಹೇಳಿದವರ ತಲೆಗೇ ಕಟ್ಟಿದರು. 2021ರ ನವೆಂಬರ್‌ನಲ್ಲಿ ಮತ್ತೆ ಅದೇ. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾದ ವಿಜ್ಞಾನಿಗಳು ಒಮಿಕ್ರಾನ್ ಎಂಬ ಕೊರೊನಾದ ಹೊಸ ರೂಪಾಂತರಿಯನ್ನು ಪತ್ತೆ ಮಾಡಿ ಜಗತ್ತಿಗೆ ಬೇಗ ತಿಳಿಸಿದರು. ಕೆಲವೇ ದಿನಗಳಲ್ಲಿ ಹಲವು ದೇಶಗಳು ಅಲ್ಲಿಂದ ಬರುವ ವಿಮಾನ ನಿಲ್ಲಿಸಿದವು. ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೂಪಾಂತರಿಗಳಿಗೆ ಗ್ರೀಕ್ ಅಕ್ಷರ ಇಟ್ಟಿತ್ತಲ್ಲ, ದೇಶದ ಹೆಸರು ಹಿಡಿದು ದೂರಬಾರದು ಅನ್ನುವುದೂ ಅದಕ್ಕೊಂದು ಕಾರಣ. ಮನೆಯಲ್ಲೂ ಹೀಗೆಯೇ. "ನನಗೆ ಪಾಸಿಟಿವ್" ಅಂದವನಿಗೆ ಬೈದರೆ ಮುಂದಿನ ಸಲ ಇನ್ನೊಬ್ಬ ಕೆಮ್ಮು ಮುಚ್ಚಿಡುತ್ತಾನೆ.

ಅಪ್ಪನಿಗೆ ಕಿಮೋಥೆರಪಿ ನಡೆಯುತ್ತಿರುವವಳು:
ಕನಿಕರ ಎಲ್ಲ ಸರಿ. ಆದರೆ ನಾನು ಎಲ್ಲರಿಗೂ ಬಾಗಿಲು ತೆಗೆಯಲಾರೆ. ಇದನ್ನೂ ಯಾರಾದರೂ ಹೇಳಬೇಕಲ್ವಾ?

ಮೊದಲು ಲಸಿಕೆ ಹಾಕಿಸಿಕೊಳ್ಳದ ಚಿಕ್ಕಪ್ಪನಿಗೆ ಮಾತ್ರ ಬರಬೇಡಿ ಅಂದೆ. ದೊಡ್ಡ ರಂಪವಾಯಿತು. ಯೋಚಿಸಿದರೆ ತಪ್ಪು ನನ್ನದೂ ಇತ್ತು. ಲಸಿಕೆಯಿಂದ ಕಾಯಿಲೆ ಜೋರಾಗುವ ಅಪಾಯ ತುಂಬಾ ಕಡಿಮೆಯಾಗುತ್ತದೆ, ಆದರೆ ಹಾಕಿಸಿಕೊಂಡವರಿಂದಲೂ ಸೋಂಕು ಹರಡಬಹುದು. ಈಗ ನಿಯಮ ಎಲ್ಲರಿಗೂ ಒಂದೇ: ಬರುವ ದಿನ ಟೆಸ್ಟ್, ಮಾಸ್ಕ್, ಅಂಗಳದಲ್ಲಿ ಮಾತು. ನನ್ನ ಗಂಡನ ಅಣ್ಣನಿಗೂ ಅದೇ, ಮೂರು ಡೋಸ್ ಆದವರು ಅವರು. ಚಿಕ್ಕಪ್ಪ ಗೊಣಗುತ್ತಲೇ ಟೆಸ್ಟ್ ಮಾಡಿಸಿಕೊಂಡು ಬರುತ್ತಾರೆ. ಅಪ್ಪನಿಗೆ ಅಷ್ಟು ಸಾಕು.

ಇನ್ನೊಬ್ಬರು:
ರಾತ್ರಿ ಮಲಗುವ ಮೊದಲು ಸುದ್ದಿ ನೋಡಬೇಡಿ. ಅಣ್ಣನ ಹತ್ತಿರ ಕ್ಷಮೆ ಕೇಳುವುದಾದರೆ "ಆದರೆ" ಸೇರಿಸಬೇಡಿ. ಇಷ್ಟೇ.

ಪ್ರಶ್ನೆ ಕೇಳಿದವಳು, ನಾಲ್ಕು ದಿನದ ಮೇಲೆ:
ಎಲ್ಲವನ್ನೂ ಎರಡೆರಡು ಸಲ ಓದಿದೆ. ಭಯ ಏನು ಎಂದು ಕೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ. ನಿನ್ನೆ ಅಣ್ಣನಿಗೆ "ಆವತ್ತು ಹಾಗೆ ಬರೆದದ್ದು ತಪ್ಪಾಯಿತು" ಎಂದಷ್ಟೇ ಕಳಿಸಿದೆ. "ಆದರೆ" ಎಂದು ಬರೆದು ಅಳಿಸಿದ್ದು ನಿಜ! ಸಂಜೆಯವರೆಗೆ ಉತ್ತರವಿಲ್ಲ. ಆಮೇಲೆ ಬಂತು: "ಅಮ್ಮನ ಕಣ್ಣಿನ ಡ್ರಾಪ್ಸ್ ಮುಗಿದಿದೆಯಂತೆ. ನೀನು ತರಬೇಡ, ನಾನು ತರ್ತೀನಿ." ಲಸಿಕೆ ವಿಷಯ ಇಬ್ಬರೂ ಎತ್ತಲಿಲ್ಲ. ಡ್ರಾಪ್ಸ್ ಹೆಸರು ಫೋಟೊ ತೆಗೆದು ಕಳಿಸಿದೆ.